ಟವೆಲ್ಲಿನ ಕೆಳಗೊಂದು ಸಂದರ್ಶನ

ಗೊತ್ತಿರುವುದನ್ನು ಕಲಿಸಲು ಯಾವ ಶಿಸ್ತೂ ಬೇಕಿಲ್ಲ. ಬಾಯಿ ತೆರೆದರೆ ತಾನಾಗಿ ಬರುತ್ತದೆ. ಗೊತ್ತಿಲ್ಲದ್ದನ್ನು ಕಲಿಸಬೇಕಾದರೆ ಮಾತ್ರ ಬೆಳಿಗ್ಗೆ ಬೇಗ ಏಳಬೇಕು, ಟಿಪ್ಪಣಿ ಬರೆದುಕೊಳ್ಳಬೇಕು, ಸೀರೆಗೆ ಇಸ್ತ್ರಿ ಹಾಕಬೇಕು, ಮುಖವನ್ನು ಬಿಗಿಯಾಗಿ ಇಟ್ಟುಕೊಳ್ಳಬೇಕು. ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಮೂವತ್ಮೂರು ವರ್ಷ ಗಣಿತ ಕಲಿಸಿ, ಅದರಲ್ಲಿ ಕೊನೆಯ ಒಂಬತ್ತು ವರ್ಷ ಮುಖ್ಯಾಧ್ಯಾಪಕಿಯಾಗಿ ಗಂಟೆ ಹೊಡೆಸಿ ನಿವೃತ್ತಳಾದವಳು. ಆಮೇಲೆ, ಸುಮ್ಮನೆ ಕೂರಬೇಕಾದ ವಯಸ್ಸಿನಲ್ಲಿ, ನೌಕರಿಯ ಸಂದರ್ಶನವನ್ನು ಎದುರಿಸುವುದು ಹೇಗೆಂದು ಹುಡುಗರಿಗೆ ಪಾಠ ಮಾಡಿದೆ. ಈ ವಿಷಯದಲ್ಲಿ ನನ್ನ ಅನುಭವವೇನೆಂದು ಯಾರೂ ಕೇಳಲಿಲ್ಲ, ಆದ್ದರಿಂದ ಹೇಳುವ ಪ್ರಸಂಗವೂ ಬರಲಿಲ್ಲ. ಈಗ ಹೇಳುತ್ತೇನೆ. ನಾನು ಜೀವಮಾನದಲ್ಲಿ ಒಂದು ಸಂದರ್ಶನಕ್ಕೂ ಹೋದವಳಲ್ಲ. ನಮ್ಮ ಅಪ್ಪನ ಜೋಡಿ ಎತ್ತು ನೋಡಲು ಬಂದಿದ್ದ ಶಾಲೆಯ ಅಧ್ಯಕ್ಷರು ಅಂಗಳದಲ್ಲಿ ಬಂದವರ ಚಪ್ಪಲಿಗಳನ್ನೆಲ್ಲ ಅಳತೆಯ ಪ್ರಕಾರ ಸಾಲಾಗಿ ಜೋಡಿಸಿದ್ದನ್ನು ಕಂಡು, ಯಾರು ಜೋಡಿಸಿದ್ದು ಎಂದು ಕೇಳಿದರು. ಅಪ್ಪ ನನ್ನತ್ತ ಕೈ ತೋರಿಸಿದರು. ಆ ಹುಡುಗಿ ಸೋಮವಾರದಿಂದ ಸಾಲಿಯಲ್ಲಿ ಪಾಠ ಹೇಳಲು ಬರಲಿ ಎಂದರು ಅಧ್ಯಕ್ಷರು. ಎತ್ತು ಮಾತ್ರ ಒಪ್ಪಿಗೆಯಾಗಲಿಲ್ಲ.

ನನ್ನ ದಿನಚರಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗಲಿಕ್ಕಿಲ್ಲ. ನಾಲ್ಕೂಮುಕ್ಕಾಲಿಗೆ ಏಳುತ್ತೇನೆ. ಐದಕ್ಕೆ ಚಹಾ, ಐದೂವರೆಗೆ ಅಂಗಳ, ಆರಕ್ಕೆ ಸ್ನಾನ. ಅಡುಗೆಮನೆಯ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದ್ದೇನೆ. ನಮ್ಮ ಮನೆಯವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಅವರ ನೌಕರಿಯಲ್ಲಿ ವೇಳಾಪಟ್ಟಿ ಎನ್ನುವುದು ಕರೆಂಟು ಯಾವಾಗ ಇರುವುದಿಲ್ಲ ಎಂದು ತಿಳಿಸುವ ಕಾಗದ. ಹಾಗಾಗಿ ನನ್ನ ಪಟ್ಟಿಯನ್ನೂ ಅದೇ ದೃಷ್ಟಿಯಿಂದ ನೋಡುತ್ತಾರೆ. ಊಟಕ್ಕೆ ಕರೆದರೆ "ಹಾಜರ್" ಎನ್ನುತ್ತಾರೆ, ಬರುವುದು ಮಾತ್ರ ಇಪ್ಪತ್ತು ನಿಮಿಷದ ಮೇಲೆ.

ನಮ್ಮೂರಿಂದ ಚಿಕ್ಕೋಡಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ವಿಶ್ವವಿದ್ಯಾಲಯವಿದೆ. ಸಣ್ಣದು ಎಂದರೆ ನಿಜವಾಗಿಯೂ ಸಣ್ಣದು. ಎರಡು ಅಂತಸ್ತು, ಒಂದು ಬೇವಿನ ಮರ, ಸುತ್ತ ಮೂರು ದಿಕ್ಕಿಗೆ ಕಬ್ಬು. ಮೊದಲು ಅಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಂಬ ಮೂರು ಪದವಿಗಳಿದ್ದವು, ಯಾವುದನ್ನು ಪಾಸು ಮಾಡಿದವರೂ ನೌಕರಿಯಿಲ್ಲದೆ ಬೇವಿನ ಮರದ ಕೆಳಗೇ ಕೂರುತ್ತಿದ್ದರು. ಮೇಲಿನವರಿಗೆ ಇದು ಸರಿಕಾಣಲಿಲ್ಲ. ಪದವಿ ಹೆಚ್ಚಿಸಿದರೆ ನೌಕರಿ ಹೆಚ್ಚುತ್ತದೆ ಎಂದು ಯಾರೋ ಹೇಳಿದರು, ಒಂದೇ ವರ್ಷದಲ್ಲಿ ಒಂಬತ್ತು ಹೊಸ ಪದವಿಗಳು ಶುರುವಾದವು. ಕಟ್ಟಡದ ಫಲಕದಲ್ಲಿ ಜಾಗ ಸಾಲದೆ ಪೇಂಟರು ಅಕ್ಷರಗಳನ್ನು ಸಣ್ಣ ಮಾಡುತ್ತಾ ಹೋಗಿ, ಕೊನೆಯ ನಾಲ್ಕು ಪದವಿಗಳನ್ನು ಪಕ್ಕದ ಗೋಡೆಗೆ ತಿರುಗಿಸಿದ. ಆದ್ದರಿಂದ ಚಿಕ್ಕೋಡಿಯಿಂದ ಬರುವವರಿಗೆ ಎಂಟು ಪದವಿಗಳೂ ರಾಯಬಾಗದಿಂದ ಹೋಗುವವರಿಗೆ ನಾಲ್ಕು ಪದವಿಗಳೂ ಕಾಣುತ್ತವೆ. ಪದವಿಗಳು ಹೆಚ್ಚಿದರೂ ಮೇಷ್ಟರುಗಳು ಅವರೇ. ಇತಿಹಾಸದವರು ಪ್ರವಾಸೋದ್ಯಮ ತೆಗೆದುಕೊಂಡರು. ಆಟ ಆಡಿಸುವವರು ಸರಕು ಸಾಗಣೆ ತೆಗೆದುಕೊಂಡರು. ಸಸ್ಯಶಾಸ್ತ್ರದವರಿಗೆ ದ್ರಾಕ್ಷಿ ಸಂಸ್ಕರಣೆಯ ಪದವಿ ಬಂತು. ಅಥಣಿ, ಕಾಗವಾಡದ ಕಡೆ ದ್ರಾಕ್ಷಿ ಬೆಳೆದು ಒಣಗಿಸಿ ಮನೂಕಾ ಮಾಡುವ ಶೆಡ್ಡುಗಳು ಸಾಲಾಗಿ ಇರುವುದರಿಂದ, ಹನ್ನೆರಡರಲ್ಲಿ ಇದೊಂದು ಪದವಿಗಾದರೂ ತಲೆಬುಡ ಇತ್ತು.

ಹೊಸ ಪದವಿಗಳ ಮೊದಲ ತಂಡ ಕೊನೆಯ ವರ್ಷಕ್ಕೆ ಬಂದಾಗ, ಪ್ರತಿಯೊಂದು ಪದವಿಗೂ "ಉದ್ಯೋಗ ಸಿದ್ಧತೆ" ಎಂಬ ಕಡ್ಡಾಯ ವಿಷಯ ಸೇರಿತು. ಅದನ್ನು ಕಲಿಸಲು ಮಾತ್ರ ಯಾರೂ ಸಿದ್ಧರಿರಲಿಲ್ಲ. ಆಗ ಕುಲಸಚಿವ ಶ್ರೀಶೈಲ ನಮ್ಮ ಮನೆಗೆ ಬಂದ. ಕುಲಸಚಿವ ಎಂದರೆ ದೊಡ್ಡ ಹುದ್ದೆ. ಆದರೆ ಎಂಟನೆಯ ತರಗತಿಯಲ್ಲಿ ನನ್ನ ಹತ್ತಿರ ಲ.ಸಾ.ಅ. ಲೆಕ್ಕ ಕಲಿಯಲು ಒಂದು ಇಡೀ ಮಳೆಗಾಲ ತೆಗೆದುಕೊಂಡವನು. ಈಗಲೂ ನನ್ನನ್ನು ಕಂಡರೆ ಮೊಬೈಲನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾನೆ. ಕುರ್ಚಿಯ ತುದಿಯಲ್ಲಿ ಕುಳಿತು, ಹುಡುಗರಿಗೆ ಶಿಸ್ತಿಲ್ಲ, ನೀವೇ ಬಂದು ತಿದ್ದಬೇಕು ಎಂದ. ನಮ್ಮ ಮನೆಯವರು ನನಗಿಂತ ಮುಂಚೆ ಒಪ್ಪಿಕೊಂಡರು. ವಾರಕ್ಕೆ ಮೂರು ದಿನ ಮನೆಯ ವೇಳಾಪಟ್ಟಿಗೆ ರಜೆ ಸಿಗುತ್ತದೆ ಎಂಬುದು ಅವರ ಲೆಕ್ಕ.

ಪಾಠಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ದ್ರಾಕ್ಷಿ ಪದವಿಯ ಮೊದಲ ವರ್ಷಕ್ಕೆ ಮಕ್ಕಳು ಸಾಲದೆ, ನಾನೂ ಶ್ರೀಶೈಲನೂ ಊರೂರು ತಿರುಗಿ ಸೀಟು ತುಂಬಿಸಿದೆವು. ಅಲಖನೂರಿನಲ್ಲಿ ಕಸ್ತೂರಿ ಎಂಬ ಹುಡುಗಿಯ ತಾಯಿ ಎಮ್ಮೆ ಹಿಂಡುತ್ತಲೇ ನನ್ನ ಮಾತು ಕೇಳಿಸಿಕೊಂಡಳು. ಕೊನೆಗೆ ಚರಗಿ ಕೆಳಗಿಟ್ಟು, "ಈ ದ್ರಾಕ್ಷಿ ಸಾಲಿ ನನಗೇನೂ ತಿಳೀಲಿಲ್ಲ ಅಕ್ಕೋರ. ನೀವು ಹೇಳಾಕತ್ತೀರಿ ಅಂತ ಕಳಸ್ತೀನಿ. ನಡುವ ನಿಂತ್ರ ನಿಮ್ಮ ಮನಿಗೇ ಬರಾಕಿ ನಾ," ಎಂದಳು. ಹೀಗೆ ಮಾತು ಕೊಟ್ಟು ಕರೆತಂದ ಮಕ್ಕಳು ಇಪ್ಪತ್ತಾರು.

ನನ್ನ ತರಗತಿ ಹತ್ತಕ್ಕೆ. ಹತ್ತೂ ಒಂದಕ್ಕೆ ಬಾಗಿಲು ಹಾಕುತ್ತೇನೆ ಎಂದು ಮೊದಲ ದಿನವೇ ಹೇಳಿದೆ. ಕಬ್ಬು ನುರಿಸುವ ಕಾಲ. ರಸ್ತೆಯ ತುಂಬ ಎರಡೆರಡು ಟ್ರೈಲರಿನ ಟ್ರ್ಯಾಕ್ಟರುಗಳು. ತಡವಾಗಿ ಬಂದವರೆಲ್ಲ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದ್ದೆವು ಎನ್ನತೊಡಗಿದರು. ಬಾಯಿಮಾತು ನಡೆಯುವುದಿಲ್ಲ, ಪುರಾವೆ ತನ್ನಿ ಎಂದೆ. ಮುಂದಿನ ತರಗತಿಯಿಂದ ತಡವಾದವರೆಲ್ಲ ಟ್ರೈಲರಿನಿಂದ ಎಳೆದ ಒಂದೊಂದು ಕಬ್ಬಿನ ಜಲ್ಲೆ ಹಿಡಿದು ಬಂದರು. ಹದಿನೈದು ದಿನಕ್ಕೆ ತರಗತಿಯ ಮೂಲೆಯಲ್ಲಿ ಒಂದು ಹೊರೆ ಪುರಾವೆ ಬಿತ್ತು. ಸರಕು ಸಾಗಣೆಯ ಮೇಷ್ಟರು ಬಿಡುವಿನಲ್ಲಿ ಬಂದು ಅದನ್ನು ಕಡಿಮೆ ಮಾಡುತ್ತಿದ್ದರು.

ಸಂದರ್ಶನ ಹೇಗಿರುತ್ತದೆಂದು ನಾನು ಮೊಬೈಲಿನಲ್ಲಿ ನೋಡಿ ಕಲಿತೆ. ಬಾಗಿಲು ಬಡಿಯುವುದು, ಕೂರು ಎನ್ನುವವರೆಗೆ ನಿಲ್ಲುವುದು, ಬೆನ್ನು ನೆಟ್ಟಗೆ. ಹೆಗಲ ಮೇಲೆ ಟವೆಲ್ ಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು ಕೈ ಕುಲುಕುವುದು. ನಮ್ಮ ಕಡೆಯ ಹುಡುಗರು ಕೈ ಕೊಟ್ಟರೆ ಒದ್ದೆ ಬಟ್ಟೆ ಹಿಡಿದಂತಿರುತ್ತದೆ. ಐದೂ ಬೆರಳು ಸೇರಿಸಿ, ಇಡೀ ಅಂಗೈ ತುಂಬ ಗಟ್ಟಿಯಾಗಿ ಹಿಡಿದು, ಎದುರಿನವರ ಕಣ್ಣು ನೋಡುತ್ತಾ ಎರಡು ಸಲ ಅಲುಗಿಸಬೇಕು ಎಂದು ಪ್ರತಿ ತರಗತಿಯಲ್ಲೂ ಅಭ್ಯಾಸ ಮಾಡಿಸಿದೆ. ನಿಮ್ಮ ದೌರ್ಬಲ್ಯವೇನು ಎಂಬ ಪ್ರಶ್ನೆಗೆ, ನಾನು ಅತಿಯಾಗಿ ದುಡಿಯುತ್ತೇನೆ ಎಂದು ಹೇಳಬೇಕು. ಸಂಬಳ ಎಷ್ಟು ಬೇಕು ಎಂದರೆ, ಕಂಪನಿಯ ನಿಯಮದ ಪ್ರಕಾರ ಎನ್ನಬೇಕು. ಎಲ್ಲರಿಗೂ ಬಾಯಿಪಾಠವಾಯಿತು. ಕೊನೆಯ ವರ್ಷದಲ್ಲಿದ್ದ ಹನ್ನೊಂದು ಜನರೂ ಒಂದೇ ರಾಗದಲ್ಲಿ ಹೇಳುವುದನ್ನು ಕೇಳಿ ನನಗೆ ಮಗ್ಗಿಯ ದಿನಗಳು ನೆನಪಾಗಿ ಸಂತೋಷವಾಯಿತು.

ಅವರಲ್ಲಿ ಮಾಳಪ್ಪ ಎಂಬುವನು ಮಾತ್ರ ನನಗೆ ತಲೆನೋವು. ಕುರಿ ಕಾಯುವ ಮನೆತನದ ಹುಡುಗ, ಸ್ವಲ್ಪ ಹೊಲವೂ ಉಂಟು. ಓದಿನಲ್ಲಿ ಚುರುಕು, ದ್ರಾಕ್ಷಿ ಗೊಂಚಲನ್ನು ಬೆಳಕಿಗೆ ಹಿಡಿದು ಸಿಹಿ ಎಷ್ಟಿದೆ ಎಂದು ಉಪಕರಣಕ್ಕಿಂತ ಮೊದಲೇ ಹೇಳುವವನು. ಆದರೆ ಟವೆಲ್ ಬಿಡಲೊಲ್ಲ. ಹೆಗಲಿಂದ ತೆಗೆಸಿದರೆ ಸೊಂಟಕ್ಕೆ, ಸೊಂಟದಿಂದ ತೆಗೆಸಿದರೆ ಚೀಲಕ್ಕೆ. ತಂದೆ ಕುರಿ ಹಿಂದೆ ಹೋದವರು ಮಳೆಗಾಲಕ್ಕೇ ಮನೆಗೆ ಬರುವುದು. ಇವನು ಅಜ್ಜಿಯ ಜೊತೆ ಸಂತೆಗಳಲ್ಲಿ ಕುರಿ ಮಾರುತ್ತಾ ಬೆಳೆದವನು.

ಫೆಬ್ರವರಿಯಲ್ಲಿ ಶ್ರೀಶೈಲ ಒಂದು ಕಾಗದ ಹಿಡಿದು ಬಂದ, ಮುಖ ಇಳಿದಿತ್ತು. ಹೊಸ ಪದವಿಗಳನ್ನು ಪರಿಶೀಲಿಸಲು ಹದಿನೈದು ದಿನದಲ್ಲಿ ಒಂದು ಸಮಿತಿ ಬರುತ್ತದೆ. ಮೊದಲ ತಂಡದಲ್ಲಿ ಒಬ್ಬರಿಗಾದರೂ ನೌಕರಿಯ ಆದೇಶ ಸಿಕ್ಕಿರದ ಪದವಿಯನ್ನು ಮುಚ್ಚಿ, ಕೆಳಗಿನ ತರಗತಿಯವರನ್ನು ಬಿ.ಎ.ಗೆ ಸೇರಿಸುತ್ತಾರೆ. ದ್ರಾಕ್ಷಿಯಲ್ಲಿ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ನನಗೆ ಕಸ್ತೂರಿಯ ತಾಯಿ ನಮ್ಮ ಮನೆಯ ಮೆಟ್ಟಿಲು ಹತ್ತಿ ಬರುವುದು ಕಣ್ಣಿಗೆ ಕಟ್ಟಿತು, ಅವಳ ಹಿಂದೆ ಇನ್ನಿಪ್ಪತ್ತೈದು ತಾಯಂದಿರು. ಶ್ರೀಶೈಲ ಓಡಾಡಿ ಅಥಣಿಯ ಕಡೆಯ ಒಂದು ಮನೂಕಾ ಕಂಪನಿಯನ್ನು ಒಪ್ಪಿಸಿ ತಂದ. ಇದ್ದದ್ದು ಒಂದೇ ಹುದ್ದೆ. ರೈತರಿಂದ ದ್ರಾಕ್ಷಿ ಕೊಳ್ಳುವ ಖರೀದಿ ಸಹಾಯಕ.

ಬಂದವರು ಇಬ್ಬರು. ಒಬ್ಬರು ಮಿರಜ ಕಡೆಯ ಮ್ಯಾನೇಜರು. ಕಪ್ಪು ಕನ್ನಡಕ, ಕನ್ನಡಕ್ಕಿಂತ ಮರಾಠಿ ಹೆಚ್ಚು. ಇನ್ನೊಬ್ಬರು ಕಂಪನಿಯ ಹಳೆಯ ಮುಕಾದಮ, ಆಳುಗಳನ್ನೂ ಮಾಲನ್ನೂ ನೋಡಿಕೊಳ್ಳುವ ಮುದುಕರು. ಇಡೀ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದೆ. ಮೊದಲ ಹುಡುಗ ಬಾಗಿಲು ಬಡಿದ, ಕೈ ಕುಲುಕಿದ, ನಾನು ಅತಿಯಾಗಿ ದುಡಿಯುತ್ತೇನೆ ಎಂದ. ಮ್ಯಾನೇಜರು ತಲೆದೂಗಿದರು. ಎರಡನೆಯವನೂ ಅತಿಯಾಗಿ ದುಡಿಯುವವನೇ. ಐದನೆಯ ಹುಡುಗಿಯ ಹೊತ್ತಿಗೆ ಮ್ಯಾನೇಜರು ಉತ್ತರವನ್ನು ತಾವೇ ಹೇಳಿಕೊಂಡು ಗುರುತು ಹಾಕುತ್ತಿದ್ದರು. ಹತ್ತನೆಯವನ ಹೊತ್ತಿಗೆ ಕೈ ಕೊಡುವುದನ್ನು ಬಿಟ್ಟು ನಮಸ್ಕಾರ ಮಾಡತೊಡಗಿದರು, ಬೆರಳು ಕೆಂಪಾಗಿದ್ದವು.

ಹನ್ನೊಂದನೆಯವನು ಮಾಳಪ್ಪ. ಎಲ್ಲ ನಾನು ಹೇಳಿಕೊಟ್ಟಂತೆ ನಡೆಯಿತು. ಕೊನೆಗೆ ಮ್ಯಾನೇಜರು ಬೇಸರದಿಂದ, ಸಂಬಳ ಎಷ್ಟು ಬೇಕು ಎಂದು ಕೇಳಿದರು. ಕಂಪನಿಯ ನಿಯಮ ಎಂಬ ಶಬ್ದಕ್ಕಾಗಿ ನಾನು ಕಾಯುತ್ತಿದ್ದೆ. ಮಾಳಪ್ಪ ನನ್ನನ್ನು ನೋಡಿದ, ಶ್ರೀಶೈಲನನ್ನು ನೋಡಿದ, ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಜವಾನನನ್ನು ನೋಡಿದ.

"ನಾಕು ಮಂದಿ ಮುಂದ ಇದನ್ನ ಹೆಂಗ ಹೇಳೂದ್ರಿ ಸಾಹೇಬ್ರ," ಎಂದು ಚೀಲದಿಂದ ಟವೆಲ್ ತೆಗೆದು, ತನ್ನ ಬಲಗೈಯ ಮೇಲೆ ಹೊದಿಸಿ, ಮೇಜಿನ ಮೇಲೆ ಮುಂದಕ್ಕೆ ಚಾಚಿದ.

ನಮ್ಮ ದನದ ಸಂತೆ, ಕುರಿ ಸಂತೆ ನೋಡಿದವರಿಗೆ ಇದು ಗೊತ್ತು. ವ್ಯಾಪಾರ ಮಾಡುವ ಇಬ್ಬರು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ದರ ಕೇಳುತ್ತಾರೆ, ಬೆರಳಲ್ಲೇ ಹೇಳುತ್ತಾರೆ. ಸುತ್ತ ಐವತ್ತು ಜನ ನಿಂತಿದ್ದರೂ ಎಷ್ಟಕ್ಕೆ ಕುದುರಿತೆಂದು ಒಬ್ಬರಿಗೂ ತಿಳಿಯುವುದಿಲ್ಲ. ಆದರೆ ಅದು ಸಂತೆಯಲ್ಲಿ, ಕುರಿಗೆ. ಮಿರಜದ ಮ್ಯಾನೇಜರು ಆ ಟವೆಲ್ಲನ್ನು, ಅದರ ಕೆಳಗಿಂದ ಹಾವು ಬರುತ್ತದೆ ಎಂಬಂತೆ ನೋಡಿ ಕುರ್ಚಿ ಹಿಂದೆ ಸರಿಸಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಆಗ ಮುದುಕ ಮುಕಾದಮರು ಕಣ್ಣು ತೆರೆದರು. ಅಂಗಿಯ ತೋಳು ಮೇಲೇರಿಸಿ ಟವೆಲ್ಲಿನೊಳಗೆ ಕೈ ಇಟ್ಟರು. ನಾನು ಗಡಿಯಾರ ನೋಡಿದೆ. ಮೂರು ನಿಮಿಷ ಆ ಬಟ್ಟೆ ಅಲುಗಿತು. ಒಮ್ಮೆ ಮಾಳಪ್ಪ ತಲೆಯಲ್ಲಾಡಿಸಿ ಕೈ ಎಳೆದುಕೊಳ್ಳಲು ನೋಡಿದ, ಮುದುಕರು ಬಿಡಲಿಲ್ಲ. ಒಮ್ಮೆ ಮುದುಕರು ನಕ್ಕರು. ಆಮೇಲೆ ಇಬ್ಬರೂ ಕೈ ಹೊರಗೆ ತೆಗೆದರು. ಮ್ಯಾನೇಜರು ಮರಾಠಿಯಲ್ಲಿ, ಎಷ್ಟಾಯಿತು ಎಂದು ಮುದುಕರನ್ನು ಕೇಳಿದರು. ಮುದುಕರು ಮತ್ತೆ ಕಣ್ಣು ಮುಚ್ಚಿದರು. ಮ್ಯಾನೇಜರು ಕಡತ ಮುಚ್ಚಿ, ತಿಳಿಸುತ್ತೇವೆ ಎಂದು ಹೇಳಿ ಚಹಾ ಮುಟ್ಟದೆ ಹೊರಟರು.

ಚಹಾ ಮುಟ್ಟದೆ ಹೋದವರು ನೌಕರಿ ಕೊಡುತ್ತಾರೆಯೇ? ಮಾಳಪ್ಪನಿಗೆ ನಾನು ಬೈದ ಬೈಗುಳ ಬೇವಿನ ಮರದವರೆಗೂ ಕೇಳಿಸಿತಂತೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿ, "ನನ್ನ ದರ ನಾನಽ ಕೂಗಿ ಹೇಳಿದ್ರ ಮರ್ಯಾದಿ ಉಳಿತೈತೇನ್ರಿ ಅಕ್ಕೋರ," ಎಂದ. ಅದಕ್ಕೂ ಸೇರಿಸಿ ಇನ್ನೊಂದಿಷ್ಟು ಬೈದೆ.

ವಾರ ಕಳೆದರೂ ಕಂಪನಿಯಿಂದ ಸುದ್ದಿಯಿಲ್ಲ. ಸಮಿತಿಗೆ ಇನ್ನು ನಾಲ್ಕು ದಿನ. ಹುಡುಗ ಉದ್ಧಟನಲ್ಲ, ಅದು ಅವರ ಪದ್ಧತಿ ಎಂದು ಕಂಪನಿಗೆ ನಾನೇ ಒಂದು ಪತ್ರ ಬರೆಯಲು ನಿರ್ಧರಿಸಿದೆ. ಟವೆಲ್ಲಿನ ಒಳಗಿನ ಲೆಕ್ಕ ನನಗೆ ಗೊತ್ತಿರಲಿಲ್ಲ, ಕಣ್ಣಾರೆ ಕಾಣದ ವಿಷಯವನ್ನು ಕಾಗದಕ್ಕೆ ಹಾಕುವ ಅಭ್ಯಾಸವೂ ನನಗಿಲ್ಲ. ಸಂದರ್ಶನದ ಪಾಠ ಬೇರೆ ಮಾತು. ಹೀಗಾಗಿ ಸಂತೆಯ ದಿನ ಬೆಳಿಗ್ಗೆ ಆರಕ್ಕೆ ನೋಟುಬುಕ್ಕು, ಪೆನ್ನು ಹಿಡಿದು, ಮಾಳಪ್ಪನ ಅಜ್ಜಿ ಯಲ್ಲವ್ವ ಕುರಿ ಕಟ್ಟಿಕೊಂಡು ಕೂತ ಜಾಗಕ್ಕೆ ಹೋದೆ.

ಯಲ್ಲವ್ವ ಎಲೆಯಡಿಕೆ ಮೆಲ್ಲುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊಮ್ಮಗನಿಗೆ ಬೈದ ಅಕ್ಕೋರು ಇವರೇನು ಎಂದು ಪಕ್ಕದವರನ್ನು ಕೇಳಿದಳು. ನಾನು ವಿಷಯ ವಿವರಿಸಿದೆ. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕೈ ಕೊಡು ಎಂದು ಅವಳು ಸೆರಗು ಹೊದಿಸಿ ಕೈ ಚಾಚಿದಳು. ಪಕ್ಕದಲ್ಲಿ ಸುತ್ತುಗೊಂಬಿನ ಒಂದು ಟಗರು ನಿಂತು ನನ್ನ ನೋಟುಬುಕ್ಕಿನ ಮೂಲೆ ಕಚ್ಚುತ್ತಿತ್ತು. ಸೆರಗಿನೊಳಗೆ ಅವಳು ನನ್ನ ಒಂದು ಬೆರಳು ಹಿಡಿದಳು, ಬಿಟ್ಟಳು. ಎರಡು ಹಿಡಿದಳು, ಬಿಟ್ಟಳು. ಬಹಳ ನಯವಾದ ವಿದ್ಯೆ ಎನಿಸಿತು. ಅವಳು ಸುಮ್ಮನೆ ನನ್ನ ಮುಖ ನೋಡುತ್ತಾ ಕಾದಳು. ಪಾಠ ಮುಗಿಯಿತೆಂದು ತಿಳಿದು, ಉಪಕಾರವಾಯಿತು ಎಂಬ ಅರ್ಥದಲ್ಲಿ, ಐದೂ ಬೆರಳು ಸೇರಿಸಿ ಅವಳ ಇಡೀ ಅಂಗೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಎರಡು ಸಲ ಅಲುಗಿಸಿದೆ.

ಯಲ್ಲವ್ವನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. ಹಿಂದೆ ನಿಂತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ಟಗರಿನ ಹಗ್ಗವನ್ನು ಗೂಟದಿಂದ ಬಿಚ್ಚಿ ನನ್ನ ಕೈಗಿಟ್ಟಳು.

ಇಡೀ ಕೈ ಎಂದರೆ ಐದು ಎಂದೂ, ಎರಡು ಸಲ ಅಲುಗಿಸಿದರೆ ಖಾಯಂ ಎಂದೂ ನನಗೆ ಆಮೇಲೆ ತಿಳಿಯಿತು. ಐದು ಎಂದರೆ ಐದು ಏನು ಎಂಬುದನ್ನು ಅವಳು ಕಿವಿಯಲ್ಲಿ ಹೇಳಿದಳು. ನಾನು ಇದು ಅಭ್ಯಾಸಕ್ಕೆ ಮಾತ್ರ ಎಂದೆ.

"ಕೈ ಬಿಟ್ಟ ಮ್ಯಾಲ ಮಾತ ಮುಗೀತು ತಾಯಿ. ನಮ್ಮ ಹುಡುಗಗ ನೀವಽ ಹೇಳೀರಂತ, ಆಡಿದ ಮಾತಿಗೆ ತಪ್ಪಬಾರದು ಅಂತ," ಎಂದಳು ಯಲ್ಲವ್ವ.

ಅದು ತರಗತಿಯಲ್ಲಿ ನಾನು ಮಾಡಿದ ಮೂರನೆಯ ಪಾಠ. ಬ್ಯಾಂಕು ತೆರೆಯುವವರೆಗೆ ಕಾದು, ದುಡ್ಡು ತಂದು ಕೊಟ್ಟು, ಟಗರನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಮುಂದಿನಿಂದಲೇ ಮನೆಗೆ ನಡೆದೆ. ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಒಂಬತ್ತು ಜನ ನಮಸ್ಕಾರ ಮಾಡಿದರು. ಒಬ್ಬರೂ ಏನೂ ಕೇಳಲಿಲ್ಲ. ನಾನು ಕಲಿಸಿದ ಶಿಸ್ತು ಅಷ್ಟರಮಟ್ಟಿಗೆ ಉಳಿದಿತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಇದು ಯಾವ ವಿಷಯಕ್ಕ ಬಂದೈತಿ, ಗಣಿತಕ್ಕೋ ಉದ್ಯೋಗ ಸಿದ್ಧತೆಗೋ?" ಎಂದರು. ಆಮೇಲೆ ಎಷ್ಟು ಕೊಟ್ಟೆ ಎಂದು ಕೇಳಿದರು. ನಾನು ಸ್ನಾನದ ಹೊತ್ತಾಯಿತು ಎಂದು ಒಳಗೆ ಹೋದೆ. ಹನ್ನೊಂದೂವರೆ ಗಂಟೆಯಾಗಿತ್ತು.

ಪತ್ರ ಬರೆದೆ, ಅಂಚೆಗೂ ಹಾಕಿದೆ. ಅದು ತಲುಪುವ ಮೊದಲೇ, ಸಮಿತಿ ಬರುವ ಹಿಂದಿನ ದಿನ, ಕಂಪನಿಯಿಂದ ಮಾಳಪ್ಪನ ಆದೇಶ ಬಂತು. ಮ್ಯಾನೇಜರಿಗೆ ಇಷ್ಟವಿರಲಿಲ್ಲವಂತೆ. ಮುಕಾದಮರೇ ಹಟ ಹಿಡಿದರಂತೆ: ರೈತನ ಮುಂದೆ ಕೂತು ದ್ರಾಕ್ಷಿ ಕೊಳ್ಳುವವನಿಗೆ ಬಾಯಿ ಬಿಗಿ ಇರಬೇಕು, ಈ ಹುಡುಗನಿಗೆ ಇದೆ, ಉಳಿದ ಹತ್ತು ಜನ ಕೇಳುವ ಮೊದಲೇ ಹೇಳುತ್ತಾರೆ ಎಂದರಂತೆ. ಶ್ರೀಶೈಲ ಆದೇಶವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಓಡಿಬಂದ, ಈ ಸಲ ಮೊಬೈಲನ್ನು ಬಚ್ಚಿಡಲು ಮರೆತಿದ್ದ. ಓದಿದೆ. ಎಲ್ಲ ಸರಿಯಾಗಿತ್ತು. ಸಂಬಳದ ಸಾಲಿನಲ್ಲಿ ಮಾತ್ರ "ಮಾತಾದ ಪ್ರಕಾರ" ಎಂದಿತ್ತು.

ಸಮಿತಿಯವರ ನಮೂನೆಯಲ್ಲಿ ಸಂಬಳಕ್ಕೆ ಒಂದು ಚೌಕವಿತ್ತು. ಅದು ಖಾಲಿ ಇರಬಾರದು. ಮರುದಿನ ಮೂವರು ಹಿರಿಯರು ಬಂದು ಕುಳಿತು ಮಾಳಪ್ಪನನ್ನು ಕರೆಸಿದರು. ಎಷ್ಟು ಎಂದು ನಯವಾಗಿ ಕೇಳಿದರು, ಗದರಿಸಿ ಕೇಳಿದರು. ಹುಡುಗ ಕೈ ಕಟ್ಟಿ ನಿಂತ, ಬಾಯಿ ಬಿಡಲಿಲ್ಲ. ಶ್ರೀಶೈಲ ನನ್ನನ್ನು ನೋಡಿದ. ಇಪ್ಪತ್ತಾರು ಮಕ್ಕಳ ಗತಿ ಈಗ ಒಂದು ಖಾಲಿ ಚೌಕದ ಮೇಲೆ ನಿಂತಿತ್ತು. ಹೊರಗೆ ಕಿಟಕಿಯಾಚೆ ಕಸ್ತೂರಿ ಕತ್ತು ಉದ್ದ ಮಾಡಿ ಇಣುಕುತ್ತಿದ್ದಳು. ನಾನು ಎದ್ದು, ಹುಡುಗನ ಜೊತೆ ಎರಡು ನಿಮಿಷ ಮಾತಾಡುತ್ತೇನೆ ಎಂದು ಅವನನ್ನು ಹೊರಗೆ ಕರೆದುಕೊಂಡು ಹೋದೆ.

ಅವನಿಗೆ ಎಲ್ಲ ಹೇಳಿದೆ. ಕಸ್ತೂರಿಯ ತಾಯಿಯ ಮಾತು ಹೇಳಿದೆ. ಸಮಿತಿಗೆ ಬೇಡ, ನನ್ನ ಕಿವಿಯಲ್ಲಿ ಹೇಳು, ನಾನು ಬರೆದುಕೊಡುತ್ತೇನೆ ಎಂದೆ. ಅವನು ಒಳಗೆ ಹೋಗಿ, ಸಮಿತಿಯ ಮೂವರಲ್ಲಿ ನಡುವೆ ಕೂತಿದ್ದ ಹಿರಿಯರ ಮುಂದೆ ಟವೆಲ್ ಹೊದಿಸಿದ ಕೈ ಚಾಚಿದ. ಆ ಹಿರಿಯರು ನಿಪ್ಪಾಣಿಯ ಕಡೆಯವರು, ತಂದೆಯ ಜೊತೆ ಎತ್ತಿನ ಸಂತೆ ತಿರುಗಿದವರೆಂದು ಆಮೇಲೆ ತಿಳಿಯಿತು. ಅವರು ಅತ್ತಿತ್ತ ನೋಡಿ, ಕೋಟಿನ ತೋಳು ಸರಿಸಿ, ಕೈ ಒಳಗಿಟ್ಟರು. ಹುಬ್ಬು ಮೇಲೇರಿತು. ಕೈ ತೆಗೆದು, ನಮೂನೆಯ ಚೌಕದಲ್ಲಿ "ನಾನು ಸ್ವತಃ ಪರಿಶೀಲಿಸಿದ್ದೇನೆ" ಎಂದು ಬರೆದು ಸಹಿ ಮಾಡಿದರು. ಪದವಿ ಉಳಿಯಿತು.

ಸಂಜೆ ಮಾಳಪ್ಪ ಪೇಢೆ ಕೊಡಲು ಮನೆಗೆ ಬಂದ. ನಮ್ಮ ಮನೆಯವರು ಹಿತ್ತಲಲ್ಲಿ ಟಗರಿಗೆ ಮೇವು ಹಾಕುತ್ತಿದ್ದರು; ಅದು ವೇಳಾಪಟ್ಟಿಯನ್ನು ಲೆಕ್ಕಿಸುವುದಿಲ್ಲ ಎಂಬ ಕಾರಣಕ್ಕೆ ಇಬ್ಬರಿಗೂ ಬಹಳ ಹೊಂದಾಣಿಕೆ. ಈಗ ಎಲ್ಲ ಮುಗಿಯಿತಲ್ಲ, ನಿನ್ನ ಗುರುವಿಗಾದರೂ ಹೇಳಬಾರದೇ, ಎಷ್ಟಕ್ಕೆ ಒಪ್ಪಿದೆ ಎಂದು ದನಿ ತಗ್ಗಿಸಿ ಕೇಳಿದೆ. ಮಾಳಪ್ಪ ಹಿತ್ತಲಲ್ಲಿದ್ದ ನಮ್ಮ ಮನೆಯವರನ್ನು ಒಮ್ಮೆ ನೋಡಿದ. ಅವನೂ ದನಿ ತಗ್ಗಿಸಿದ.

"ಟಗರ ಎಷ್ಟಕ್ಕ ತಂದ್ರಿ ಅಂತ ಸಾಹೇಬ್ರಿಗೆ ಹೇಳೀರೇನ್ರಿ ಅಕ್ಕೋರ?"

ಹೇಳಿಲ್ಲ. ಮುಂದೆಯೂ ಹೇಳುವ ವಿಚಾರವಿಲ್ಲ. ನಾನು ಬರೆದದ್ದನ್ನೆಲ್ಲ ನಮ್ಮ ಮನೆಯವರು ತಪ್ಪದೆ ಓದುವುದರಿಂದ ಇಲ್ಲಿಯೂ ಬರೆದಿಲ್ಲ.